ಯುದ್ಧದ ನಾಡಿನಲ್ಲಿ ನೆರವು ಸಂಸ್ಥೆಗಳ ಫೋರಂ ನಡೆಸುವುದು ಅಂದರೆ ಏನು ಕೆಲಸ?

ಪ್ರಶ್ನೆ: ನಾನು ದಾವಣಗೆರೆಯವಳು. ಎಂ.ಎಸ್.ಡಬ್ಲ್ಯೂ ಮುಗಿಸಿ ಜಗಳೂರು, ಮೊಳಕಾಲ್ಮೂರು ಕಡೆ ಕುಡಿಯುವ ನೀರು ಮತ್ತು ಮಕ್ಕಳ ಪೌಷ್ಟಿಕ ಆಹಾರದ ಯೋಜನೆಗಳಲ್ಲಿ ಕೆಲಸ ಮಾಡಿದೆ. ಈಗ ಒಂದು ಅಂತರರಾಷ್ಟ್ರೀಯ ಸಂಸ್ಥೆಯಲ್ಲಿ ಪೂರ್ವ ಆಫ್ರಿಕಾದಲ್ಲಿದ್ದೇನೆ. ಯುದ್ಧ ನಡೆಯುತ್ತಿರುವ ದೇಶವೊಂದರಲ್ಲಿ ಎನ್‌ಜಿಒ ಫೋರಂ, ಅಂದರೆ ನೆರವು ಸಂಸ್ಥೆಗಳ ಒಕ್ಕೂಟದ ನಿರ್ದೇಶಕಿ ಹುದ್ದೆಗೆ ಅರ್ಜಿ ಹಾಕು ಅಂತ ಹಿರಿಯ ಸಹೋದ್ಯೋಗಿಗಳು ಹೇಳುತ್ತಿದ್ದಾರೆ. ಅಪ್ಪ ಮಾತ್ರ 'ಬರೀ ಮೀಟಿಂಗ್ ಮಾಡೋಕೆ ಅಷ್ಟು ದೂರ ಯಾಕೆ ಹೋಗ್ಬೇಕು' ಅಂತಾರೆ. ನಿಜಕ್ಕೂ ಈ ಕೆಲಸ ಏನು? ನನ್ನಂಥವಳಿಗೆ ಆಗುತ್ತಾ?

ಉತ್ತರ: ನಿಮ್ಮ ಅಪ್ಪನ ಮಾತು ಪೂರ್ತಿ ಸುಳ್ಳಲ್ಲ. ಮೀಟಿಂಗ್ ಜಾಸ್ತಿ. ಬೆಳಗ್ಗೆ ವಿಶ್ವಸಂಸ್ಥೆಯವರ ಜೊತೆ ಒಂದು, ಮಧ್ಯಾಹ್ನ ಸದಸ್ಯರದ್ದು ಒಂದು, ಸಂಜೆ ಯಾವುದೋ ರಾಯಭಾರ ಕಚೇರಿಯಲ್ಲಿ ಇನ್ನೊಂದು. ನೀವು ಅರ್ಜಿ ಹಾಕುವ ಮುಂಚೆ ತಿಳಿದುಕೊಳ್ಳಬೇಕಾದ್ದು ಆ ಮೀಟಿಂಗುಗಳಲ್ಲಿ ನಿಮ್ಮ ಸ್ಥಾನ ಏನು ಅನ್ನುವುದನ್ನು.

ಈಗ ನಿಮ್ಮ ಸಂಸ್ಥೆಯಲ್ಲಿ ನೀವು 'ನಾಳೆ ಲಾರಿ ಹೊರಡಲಿ' ಅಂದರೆ ಹೊರಡುತ್ತದೆ. ಫೋರಂನಲ್ಲಿ ನಿಮ್ಮ ಮಾತಿಗೆ ಒಂದು ಸೈಕಲ್ಲೂ ಹೊರಡುವುದಿಲ್ಲ. ಸದಸ್ಯ ಸಂಸ್ಥೆಗಳಿಗೆ ಅವರದೇ ಮುಖ್ಯಸ್ಥರಿದ್ದಾರೆ. ಆ ಮುಖ್ಯಸ್ಥರಿಗೆ ಆದೇಶ ಬರುವುದು ಲಂಡನ್ನಿಂದಲೋ ಓಸ್ಲೋದಿಂದಲೋ. ದುಡ್ಡು ಬರುವುದು ಬೇರೆ ಬೇರೆ ದಾನಿಗಳಿಂದ, ಬೇರೆ ಬೇರೆ ಷರತ್ತಿನ ಮೇಲೆ. ಇವರಲ್ಲಿ ಯಾರೂ ನಿಮ್ಮ ಕೈಕೆಳಗಿನವರಲ್ಲ. ಲೆಕ್ಕ ಹಾಕಿದರೆ ನೀವೇ ಅವರೆಲ್ಲರ ಕೈಕೆಳಗೆ, ಯಾಕಂದರೆ ಅವರು ಆರಿಸಿದ ಸಮಿತಿಯೇ ನಿಮಗೆ ಮೇಲಧಿಕಾರಿ. ಹಾಗಾದರೆ ನಿಮ್ಮ ಕೈಯಲ್ಲಿ ಉಳಿಯುವುದೇನು? ನನ್ನ ಅನುಭವದಲ್ಲಿ ಒಂದೇ. ಸದಸ್ಯರು ನಿಮ್ಮ ಹತ್ತಿರ ಬಂದು ನಿಜ ಹೇಳುತ್ತಾರೋ ಇಲ್ಲವೋ ಅನ್ನುವುದು. ಹೇಳಿದರೆ ಫೋರಂ ನಡೆಯುತ್ತದೆ. ಹೇಳದಿದ್ದರೆ ಅಪ್ಪ ಹೇಳಿದ್ದೇ ಸರಿ.

ಇಂಥ ಒಕ್ಕೂಟ ಯಾಕೆ ಬೇಕಾಯಿತು ಅನ್ನುವುದಕ್ಕೆ ಈ ರಂಗದವರು ಇವತ್ತಿಗೂ ಗೋಮಾದ ಕಥೆ ಹೇಳುತ್ತಾರೆ. 1994ರ ಜುಲೈನಲ್ಲಿ ರುವಾಂಡಾದಿಂದ ಲಕ್ಷಗಟ್ಟಲೆ ಜನ ಗಡಿ ದಾಟಿ ಆಗಿನ ಜೈರೆ, ಈಗಿನ ಕಾಂಗೊ ದೇಶದ ಗೋಮಾ ಊರಿಗೆ ಬಂದು ಬಿದ್ದರು. ಕೆಳಗೆ ಲಾವಾ ಕಲ್ಲು. ಕಕ್ಕಸು ಗುಂಡಿ ತೋಡಲಾಗದು, ಹೆಣ ಹೂಳಲಾಗದು. ಕಾಲರಾ ಬಂತು, ಅದರ ಹಿಂದೆ ಆಮಶಂಕೆ. ಮೊದಲ ತಿಂಗಳಲ್ಲೇ ಸುಮಾರು 50,000 ಜನ ಸತ್ತರು. ನೆರವಿಗೆ ಸಂಸ್ಥೆಗಳು ಬರಲಿಲ್ಲ ಅಂತಲ್ಲ, ದಂಡಿಯಾಗಿ ಬಂದವು. ಕೆಲವರಿಗೆ ಕೆಲಸ ಗೊತ್ತಿತ್ತು, ಕೆಲವರಿಗೆ ಗೊತ್ತಿರಲಿಲ್ಲ. ಯಾರು ಎಲ್ಲಿ ಏನು ಮಾಡಬೇಕು ಅಂತ ಎಲ್ಲರೂ ಒಪ್ಪಿದ ಲೆಕ್ಕ ಇರಲಿಲ್ಲ. ಆ ಅವಮಾನದಿಂದಲೇ 1997ರಲ್ಲಿ ಸ್ಫಿಯರ್ ಅನ್ನುವ ಕನಿಷ್ಠ ಮಾನದಂಡಗಳ ಕೆಲಸ ಶುರುವಾಯಿತು. ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು, 20 ಜನಕ್ಕೆ ಒಂದು ಕಕ್ಕಸು ಅನ್ನುವ ಲೆಕ್ಕಗಳನ್ನು ನೀವು ದಿನಾ ಬಳಸುತ್ತೀರಿ. ಅದರ ಬೇರು ಅಲ್ಲಿದೆ. ಜಗಳೂರಿನಲ್ಲಿ ಟ್ಯಾಂಕರ್ ಬರುವುದನ್ನು ಕಾದು ಕೊಡ ಸಾಲಿಗಿಟ್ಟವರ ಮಧ್ಯೆ ನಿಂತವರಿಗೆ 15 ಲೀಟರ್ ಅಂದರೆ ಎಷ್ಟು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಒಕ್ಕೂಟಗಳು ಅದಕ್ಕಿಂತ ಹಳೆಯವು. ಎನ್‌ಜಿಒಗಳ ಜಾಗತಿಕ ಒಕ್ಕೂಟವಾದ ಜಿನೀವಾದ ಇಕ್ವಾ 1962ರದ್ದು. ಅಫ್ಘಾನಿಸ್ತಾನಕ್ಕಾಗಿ ಕೆಲಸ ಮಾಡುವ ಸಂಸ್ಥೆಗಳ ಅಕ್ಬಾರ್ 1988ರಲ್ಲಿ ಪೇಶಾವರದಲ್ಲಿ ಹುಟ್ಟಿತು, ಆಮೇಲೆ ಕಾಬೂಲಿಗೆ ಹೋಯಿತು. ವಿಶ್ವಸಂಸ್ಥೆಯ ಸಮನ್ವಯ ವ್ಯವಸ್ಥೆಗೆ ಬುನಾದಿ 1991ರ ಡಿಸೆಂಬರಿನ 46/182 ಅನ್ನುವ ಸಾಮಾನ್ಯ ಸಭೆಯ ನಿರ್ಣಯ. ಅದರ ಮೇಲೆ 2005ರಲ್ಲಿ ಕ್ಲಸ್ಟರ್ ಪದ್ಧತಿ ಬಂತು. ಆರೋಗ್ಯಕ್ಕೆ ಡಬ್ಲ್ಯೂಎಚ್‌ಒ, ನೀರು ನೈರ್ಮಲ್ಯಕ್ಕೆ ಯುನಿಸೆಫ್ ಅಂತ ಒಂದೊಂದು ಕೆಲಸಕ್ಕೆ ಒಬ್ಬರು ಮುಂದಾಳು. ಮೊದಲು ಬಳಸಿದ್ದು ಅದೇ ವರ್ಷ ಅಕ್ಟೋಬರಿನ ಪಾಕಿಸ್ತಾನದ ಭೂಕಂಪದಲ್ಲಿ.

ಇಲ್ಲಿ ಒಂದು ಗೊಂದಲ ಬಿಡಿಸಬೇಕು, ಸಂದರ್ಶನದಲ್ಲಿ ಖಂಡಿತ ಕೇಳುತ್ತಾರೆ. ಕ್ಲಸ್ಟರ್ ಬೇರೆ, ಫೋರಂ ಬೇರೆ. ಕ್ಲಸ್ಟರಿನಲ್ಲಿ ಕೆಲಸ ಹಂಚಿಕೊಳ್ಳುತ್ತಾರೆ. ಫೋರಂ ಎನ್‌ಜಿಒಗಳ ಸ್ವಂತ ಮನೆ, ವಿಶ್ವಸಂಸ್ಥೆಯ ಅಂಗಸಂಸ್ಥೆ ಅಲ್ಲ. ದೇಶದ ನೆರವಿನ ದೊಡ್ಡ ತೀರ್ಮಾನಗಳು ವಿಶ್ವಸಂಸ್ಥೆಯ ಮಾನವೀಯ ನೆರವಿನ ಸಂಯೋಜಕರು ನಡೆಸುವ ಸಭೆಯಲ್ಲಿ ಆಗುತ್ತವೆ. ಅಲ್ಲಿ ಎನ್‌ಜಿಒಗಳಿಗೂ ಕುರ್ಚಿ ಇದೆ. ಆ ಕುರ್ಚಿಯಲ್ಲಿ ಕೂತವರು ತಮ್ಮ ಸಂಸ್ಥೆಯ ಪರವಾಗಿ ಮಾತಾಡದೆ ಎಲ್ಲರ ಪರವಾಗಿ ಮಾತಾಡುವಂತೆ ನೋಡಿಕೊಳ್ಳುವುದು ನಿಮ್ಮ ಕೆಲಸ. ಸುಲಭ ಅನ್ನಿಸುತ್ತೆ ಅಲ್ವಾ? ಮಾಡಿ ನೋಡಿ.

ಬಂದ ಮೊದಲ ವಾರವೇ ನಿಮ್ಮ ಮುಂದೆ ಒಂದು ದೊಡ್ಡ ಎಕ್ಸೆಲ್ ಶೀಟು ಬರುತ್ತದೆ. ಫೈವ್ ಡಬ್ಲ್ಯೂ ಅಂತಾರೆ. ಯಾರು, ಏನು, ಎಲ್ಲಿ, ಯಾವಾಗ, ಯಾರಿಗೆ. ನೋಡಲು ಬೇಜಾರಿನ ಕಾಗದ, ಆದರೆ ಇದನ್ನು ಓದಲು ಬಂದವರಿಗೆ ಅರ್ಧ ದೇಶ ಗೊತ್ತಾಗುತ್ತದೆ. ಟಾರು ರಸ್ತೆ ಪಕ್ಕದ ಊರಿಗೆ ನಾಲ್ಕು ಸಂಸ್ಥೆ, ಹೊಳೆ ಆಚೆಗಿನ ಊರಿಗೆ ಒಂದೂ ಇಲ್ಲ. ಒಂದೇ ಊರಿನ ಹೆಸರು ಅರೇಬಿಕ್ಕಿನಿಂದ ಬಂದದ್ದು ಮೂರು ಸಾಲಿನಲ್ಲಿ ಮೂರು ಸ್ಪೆಲಿಂಗ್. ಮೂರು ಊರಿಗೆ ಹಂಚಿದ ಹಾಗೆ ಕಾಣುತ್ತದೆ, ಹಂಚಿದ್ದು ಒಂದೇ ಊರಿಗೆ ಮೂರು ಸಲ. ಇದರ ಉಲ್ಟಾ ಕೂಡ ಆಗುತ್ತದೆ. ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆ ಸೇರಿಸಿ ಹೊಸಹಳ್ಳಿ ಎಷ್ಟಿವೆ ಹೇಳಿ ನೋಡೋಣ. 'ಹೊಸಹಳ್ಳಿಗೆ ಅಕ್ಕಿ ಕೊಟ್ಟಾಯ್ತು' ಅಂತ ಬರೆದರೆ ಯಾವ ಹೊಸಹಳ್ಳಿ? ಅದಕ್ಕೇ ಪ್ರತಿ ಜಾಗಕ್ಕೂ ಪಿ-ಕೋಡ್ ಅಂತ ಒಂದು ಸಂಖ್ಯೆ ಕೊಟ್ಟಿರುತ್ತಾರೆ. ಹೆಸರು ಹೇಗಾದರೂ ಬರೆಯಿರಿ, ಕೋಡ್ ಸರಿ ಹಾಕಿ ಅಂತ ಸದಸ್ಯರ ಹಿಂದೆ ಬೀಳಬೇಕು.

ಶೀಟಿನಲ್ಲಿ ಇನ್ನೊಂದು ನೋಡಬೇಕು. 'ಕೆಲಸ ನಡೆಯುತ್ತಿದೆ' ಅಂತ ಬರೆದಿರುವ ಸಾಲುಗಳಲ್ಲಿ ಎಷ್ಟು ನಿಜಕ್ಕೂ ನಡೆಯುತ್ತಿವೆ? ದಾನಿಗಳ ಮುಂದೆ ತಲೆ ತಗ್ಗಬಾರದು ಅಂತ ನಿಂತು ಹೋದ ಕೆಲಸವನ್ನೂ ನಡೆಯುತ್ತಿದೆ ಅಂತ ಬರೆಯುವವರಿದ್ದಾರೆ. ನಾನು ಕೆಲಸ ಮಾಡಿದ ಒಂದು ದೇಶದಲ್ಲಿ ಒಂದು ಜಿಲ್ಲೆಯ ಪೌಷ್ಟಿಕ ಕೇಂದ್ರಗಳೆಲ್ಲ ಶೀಟಿನಲ್ಲಿ ಹಸಿರು ಬಣ್ಣದಲ್ಲಿದ್ದವು. ಸಭೆ ಮುಗಿದು ಎಲ್ಲರೂ ಚಹಾಕ್ಕೆ ಎದ್ದಾಗ ಆ ಸಂಸ್ಥೆಯ ಮುಖ್ಯಸ್ಥರು ಹತ್ತಿರ ಬಂದು, ಲೋಟದ ಕಡೆ ನೋಡುತ್ತಲೇ, ಅಪೌಷ್ಟಿಕ ಮಕ್ಕಳಿಗೆ ಕೊಡುವ ಆರ್‌ಯುಟಿಎಫ್, ಅಂದರೆ ಸಿದ್ಧ ಪೌಷ್ಟಿಕ ಆಹಾರದ ಪೊಟ್ಟಣ ಮುಗಿದು ಹೋಗಿವೆ, ದಾರಿಯಲ್ಲಿ ಒಬ್ಬ ಕಮಾಂಡರ್ ಲಾರಿ ಬಿಡುತ್ತಿಲ್ಲ, ಮೂಟೆಯಲ್ಲಿ ಪಾಲು ಕೇಳುತ್ತಿದ್ದಾನೆ ಅಂದರು. ಸಭೆಯಲ್ಲಿ ಅದನ್ನು ಹೇಳಿದ್ದರೆ ಮಾತು ಅವತ್ತು ಸಂಜೆಯೇ ಕಮಾಂಡರ್ ಕಿವಿ ಮುಟ್ಟುತ್ತಿತ್ತು. ಅವರ ಸಿಬ್ಬಂದಿ ಆ ಊರಲ್ಲೇ ಮಲಗುವವರು.

ಈಗ ನೀವೇನು ಮಾಡುತ್ತೀರಿ? ಅವರ ಹೆಸರು ಹೇಳಿ ದೂರು ಕೊಟ್ಟರೆ ಇನ್ನು ಮುಂದೆ ಯಾರೂ ನಿಮ್ಮ ಹತ್ತಿರ ಬಾಯಿ ಬಿಡುವುದಿಲ್ಲ. ಸುಮ್ನೆ ಇದ್ದರೆ ಮಕ್ಕಳಿಗೆ ಪೊಟ್ಟಣ ಇಲ್ಲ. ಮಾಡಬೇಕಾದ್ದು ಇಷ್ಟು. ಅದೇ ರಸ್ತೆಯಲ್ಲಿ ಲಾರಿ ಓಡಿಸುವ ಉಳಿದವರನ್ನು ಒಬ್ಬೊಬ್ಬರನ್ನಾಗಿ ಕೇಳಿ. ನಾಲ್ಕೈದು ಜನಕ್ಕೆ ಅದೇ ಅನುಭವ ಆಗಿರುತ್ತದೆ, ಎಲ್ಲರೂ ತಮಗೊಬ್ಬರಿಗೇ ಹೀಗೆ ಅಂದುಕೊಂಡಿರುತ್ತಾರೆ. ಆಮೇಲೆ ಸಂಸ್ಥೆಗಳ ಹೆಸರು ತೆಗೆದು, ರಸ್ತೆಯ ಹೆಸರು ಮಾತ್ರ ಇಟ್ಟು, 'ಈ ದಾರಿಯಲ್ಲಿ ಯಾರೂ ಪಾಲು ಕೊಡುವುದಿಲ್ಲ' ಅಂತ ಎಲ್ಲರ ಒಂದೇ ನಿಲುವು ಮಾಡಿ, ಅದನ್ನು ಸಂಯೋಜಕರ ಮೂಲಕ ಆ ಕಮಾಂಡರಿಗಿಂತ ಮೇಲಿನವರಿಗೆ ಮುಟ್ಟಿಸಿ. ದಕ್ಷಿಣ ಸುಡಾನಿನಲ್ಲಿ 1990ರ ದಶಕದಲ್ಲೇ, ಆಪರೇಷನ್ ಲೈಫ್‌ಲೈನ್ ಸುಡಾನ್ ಅನ್ನುವ ವಿಶ್ವಸಂಸ್ಥೆ ಮುಂದಾಳತ್ವದ ನೆರವಿನ ಕಾರ್ಯಾಚರಣೆಯ ಕಾಲದಲ್ಲಿ, ಬಂಡುಕೋರರ ಜೊತೆ ಇಂಥ ನಿಯಮಗಳನ್ನು ಬರವಣಿಗೆಯಲ್ಲಿ ಒಪ್ಪಿಸಿಕೊಂಡಿದ್ದರು. ಅವನ್ನು ಮುರಿದವರೂ ಇದ್ದರು, ಅದು ಬೇರೆ ಮಾತು. ಆದರೆ ತೋರಿಸಲು ಒಂದು ಕಾಗದ ಇತ್ತು. ಎಲ್ಲ ಸದಸ್ಯರೂ ಈ ನಿಲುವಿಗೆ ಒಪ್ಪುತ್ತಾರೆ ಅಂತ ಮಾತ್ರ ತಿಳಿಯಬೇಡಿ. ಒಬ್ಬಿಬ್ಬರು ಗುಟ್ಟಾಗಿ ಕೊಟ್ಟು ದಾಟಿಸಿಯೇ ತೀರುತ್ತಾರೆ. ಸಭೆಯಲ್ಲಿ ಅವರ ಮರ್ಯಾದೆ ಕಳೆಯಬೇಡಿ, ಕೋಣೆಗೆ ಕರೆದು ಹೇಳಿ.

ಯಾವಾಗ ಬಾಯಿ ಬಿಡಬೇಕು, ಯಾವಾಗ ಬಾಯಿ ಮುಚ್ಚಬೇಕು ಅನ್ನುವುದು ಇದಕ್ಕಿಂತ ಕಷ್ಟದ ಪ್ರಶ್ನೆ. 2009ರ ಮಾರ್ಚ್ 4ರಂದು ಅಂತರರಾಷ್ಟ್ರೀಯ ಕ್ರಿಮಿನಲ್ ನ್ಯಾಯಾಲಯ ಸುಡಾನ್ ಅಧ್ಯಕ್ಷ ಬಶೀರ್ ಮೇಲೆ ಬಂಧನ ವಾರಂಟ್ ಹೊರಡಿಸಿತು. ಬೆನ್ನಲ್ಲೇ ಸುಡಾನ್ 13 ಅಂತರರಾಷ್ಟ್ರೀಯ ಸಂಸ್ಥೆಗಳನ್ನು ಹೊರಗೆ ಹಾಕಿತು. ನ್ಯಾಯಾಲಯಕ್ಕೆ ಮಾಹಿತಿ ಕೊಟ್ಟರು ಅನ್ನುವುದು ಆರೋಪ. ಸಂಸ್ಥೆಗಳು ಅಲ್ಲಗಳೆದವು. ಆದರೆ ಪಶ್ಚಿಮ ಸುಡಾನಿನ ಡಾರ್ಫರಿನಲ್ಲಿ ಅವರ ಆಸ್ಪತ್ರೆಗೆ ಬರುತ್ತಿದ್ದವರಿಗೆ ಆ ವಾದದಿಂದ ಏನಾಗಬೇಕು? ಒಂದು ಸಂಸ್ಥೆ ಒಂಟಿಯಾಗಿ ಮಾತಾಡಿದರೆ ಅದರ ಮೇಲೆ ಕಣ್ಣು ಬೀಳುತ್ತದೆ. ಹತ್ತಾರು ಸಂಸ್ಥೆಗಳ ಪರವಾಗಿ ಫೋರಂ ಮಾತಾಡಿದರೆ ಬೆರಳು ತೋರಿಸುವುದು ಕಷ್ಟ. ಹಾಗಂತ ಪ್ರತಿ ವಾರ ಹೇಳಿಕೆ ಹೊರಡಿಸಿದರೆ ಯಾರೂ ಓದುವುದಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಹೇಳಿಕೆ ವರ್ಷಕ್ಕೆ ಬೆರಳೆಣಿಕೆಯಷ್ಟು ಸಾಕು. ಉಳಿದದ್ದು ಮುಚ್ಚಿದ ಬಾಗಿಲ ಹಿಂದೆ.

ಎಲ್ಲರಿಂದ ಒಂದೇ ಮಾತು ಹೊರಡಿಸುವುದು ಎಷ್ಟು ಕಷ್ಟ ಅನ್ನುವುದಕ್ಕೆ ಕಾಬೂಲ್ ನೋಡಿ. 2022ರ ಡಿಸೆಂಬರ್ 24ರಂದು ತಾಲಿಬಾನ್ ಎನ್‌ಜಿಒಗಳಲ್ಲಿ ಅಫ್ಘಾನ್ ಹೆಂಗಸರು ಕೆಲಸ ಮಾಡುವುದನ್ನು ನಿಷೇಧಿಸಿತು. ಹಲವು ದೊಡ್ಡ ಸಂಸ್ಥೆಗಳು ಕೆಲಸ ನಿಲ್ಲಿಸಿದವು. ಹೆಂಗಸರಿಲ್ಲದೆ ಹೆಂಗಸರ ಮನೆಯೊಳಗೆ ಹೋಗಿ ನೆರವು ಮುಟ್ಟಿಸುವುದು ಹೇಗೆ ಅನ್ನುವುದು ಅವರ ವಾದ. ನಡು ಚಳಿಗಾಲದಲ್ಲಿ ನಿಲ್ಲಿಸಿದರೆ ಜನ ಸಾಯುತ್ತಾರೆ ಅನ್ನುವುದು ಮುಂದುವರಿಸಿದವರ ವಾದ. ಎರಡರಲ್ಲೂ ನ್ಯಾಯ ಇದೆ. ಮುಂದೆ ಆರೋಗ್ಯದಂಥ ಕೆಲವು ಕಡೆ ಹೆಂಗಸರು ಕೆಲಸಕ್ಕೆ ಮರಳಲು ಒಪ್ಪಿಗೆ ಸಿಕ್ಕಿತು. ಇಂಥ ಹೊತ್ತಿನಲ್ಲಿ ಫೋರಂ ಮುಖ್ಯಸ್ಥರು ನಿಲ್ಲಿಸಿದವರನ್ನೂ ಮುಂದುವರಿಸಿದವರನ್ನೂ ಒಂದೇ ಮೇಜಿನ ಸುತ್ತ ಉಳಿಸಿಕೊಳ್ಳಬೇಕು. ಒಬ್ಬರನ್ನು ಹೇಡಿ ಅಂತ, ಇನ್ನೊಬ್ಬರನ್ನು ಹಟಮಾರಿ ಅಂತ ಯಾರೂ ಕರೆಯದ ಹಾಗೆ ನೋಡಿಕೊಳ್ಳಬೇಕು.

ಭದ್ರತೆ ವಿಷಯಕ್ಕೆ ಬರೋಣ. ಅಪ್ಪನಿಗೆ ಇದನ್ನು ಹೇಗೆ ಹೇಳುತ್ತೀರೋ ನಿಮಗೆ ಬಿಟ್ಟದ್ದು, ನಾನಂತೂ ಮುಚ್ಚಿಡುವುದಿಲ್ಲ. ಆಸ್ಪತ್ರೆ, ಗೋದಾಮು, ವಾಹನ ಎಲ್ಲಿವೆ ಅಂತ ಯುದ್ಧ ಮಾಡುವವರಿಗೆ ಮೊದಲೇ ತಿಳಿಸುವ ಪದ್ಧತಿ ಇದೆ. ಹೊಡೆಯಬೇಡಿ ಅಂತ ಕೊಡುವ ಮಾಹಿತಿ ಅದು. 2015ರ ಅಕ್ಟೋಬರ್ 3ರಂದು ಅಫ್ಘಾನಿಸ್ತಾನದ ಕುಂದೂಜ್‌ನಲ್ಲಿ ಎಂಎಸ್‌ಎಫ್ ಅನ್ನುವ ಅಂತರರಾಷ್ಟ್ರೀಯ ವೈದ್ಯಕೀಯ ನೆರವು ಸಂಸ್ಥೆಯ ಆಸ್ಪತ್ರೆಯ ಮೇಲೆ ಅಮೆರಿಕದ ವಿಮಾನ ದಾಳಿ ಮಾಡಿ 42 ಜನ ಸತ್ತರು. ಆಸ್ಪತ್ರೆ ಎಲ್ಲಿದೆ ಅನ್ನುವ ಜಿಪಿಎಸ್ ಗುರುತನ್ನು ಮೊದಲೇ ಕೊಟ್ಟಿದ್ದರು. 2024ರ ಏಪ್ರಿಲ್ 1ರಂದು ಗಾಜಾದಲ್ಲಿ ಊಟ ಹಂಚುವ ಸಂಸ್ಥೆ ವರ್ಲ್ಡ್ ಸೆಂಟ್ರಲ್ ಕಿಚನ್‌ನ ವಾಹನಗಳ ಮೇಲೆ ಇಸ್ರೇಲ್ ದಾಳಿ ಮಾಡಿ 7 ಜನರನ್ನು ಕೊಂದಿತು. ಅವರ ಓಡಾಟವೂ ಮೊದಲೇ ತಿಳಿಸಿದ್ದೇ. ಹಾಗಾಗಿ ಹೊಸ ಸದಸ್ಯರು 'ಗುರುತು ಕೊಟ್ಟರೆ ನಾವು ಸೇಫ್ ಅಲ್ವಾ' ಅಂತ ಕೇಳಿದಾಗ ಹೌದು ಅನ್ನಬೇಡಿ. ಕೊಡುವುದೋ ಬಿಡುವುದೋ ಪ್ರತಿ ಸಂಸ್ಥೆಯ ಸ್ವಂತ ತೀರ್ಮಾನ. ಕೊಟ್ಟರೆ ಯಾರ ಕೈಗೆ ಹೋಗುತ್ತದೆ, ಕೊಟ್ಟದ್ದಕ್ಕೆ ರಸೀದಿ ಏನಿದೆ ಅನ್ನುವುದನ್ನು ಸ್ಪಷ್ಟ ಮಾಡುವುದು ನಿಮ್ಮದು.

ಸಾಯುವವರಲ್ಲಿ ಹೆಚ್ಚಿನವರು ವಿದೇಶಿಯರಲ್ಲ, ಆ ನೆಲದವರೇ. 2006ರ ಆಗಸ್ಟಿನಲ್ಲಿ ಶ್ರೀಲಂಕಾದ ಮೂತೂರಿನಲ್ಲಿ ಒಂದು ಫ್ರೆಂಚ್ ಸಂಸ್ಥೆಯ 17 ಸಿಬ್ಬಂದಿಯನ್ನು ಕಚೇರಿಯ ಅಂಗಳದಲ್ಲೇ ಗುಂಡಿಟ್ಟು ಕೊಂದರು. 17 ಮಂದಿಯೂ ಲಂಕಾದವರು. ಆದರೂ ಎಷ್ಟೋ ದೇಶಗಳಲ್ಲಿ ಅಂತರರಾಷ್ಟ್ರೀಯ ಸಂಸ್ಥೆಗಳಿಗೆ ಒಂದು ಫೋರಂ, ಸ್ಥಳೀಯರಿಗೆ ಇನ್ನೊಂದು. ವಾಹನ, ವಿಮೆ, ವೈರ್‌ಲೆಸ್ ಎಲ್ಲ ಮೊದಲಿನವರ ಹತ್ತಿರ. ನನಗೆ ಇದು ಯಾವತ್ತೂ ಸರಿ ಕಂಡಿಲ್ಲ. ಸುಡಾನ್‌ನಲ್ಲಿ 2023ರ ಏಪ್ರಿಲ್ 15ರಂದು ಸೇನೆ ಮತ್ತು ಆರ್‌ಎಸ್‌ಎಫ್ ಅನ್ನುವ ಅರೆಸೇನಾ ಪಡೆಯ ನಡುವೆ ಯುದ್ಧ ಶುರುವಾದಾಗ ವಿದೇಶಿಯರು ರಾಜಧಾನಿ ಖಾರ್ಟೂಮ್ ಬಿಟ್ಟು ಹೊರಟರು. ಓಣಿ ಓಣಿಯಲ್ಲಿ ಒಲೆ ಹಚ್ಚಿ ಗಂಜಿ ಕೇಂದ್ರ ನಡೆಸಿದ್ದು, ಗಾಯಾಳುಗಳನ್ನು ಹೊತ್ತದ್ದು ಅಲ್ಲಿಯ ಹುಡುಗ ಹುಡುಗಿಯರು. ತುರ್ತು ಸ್ಪಂದನೆ ಕೋಣೆಗಳು ಅಂತ ಹೆಸರು ಇಟ್ಟುಕೊಂಡರು. 2016ರಲ್ಲಿ ಇಸ್ತಾಂಬುಲ್ಲಿನ ಸಮಾವೇಶದಲ್ಲಿ, ನೆರವಿನ ದುಡ್ಡಿನಲ್ಲಿ ಕನಿಷ್ಠ ಶೇ. 25 ಆದಷ್ಟು ನೇರವಾಗಿ ಸ್ಥಳೀಯರಿಗೆ ಹೋಗಬೇಕು ಅಂತ ದೊಡ್ಡ ದಾನಿಗಳು, ದೊಡ್ಡ ಸಂಸ್ಥೆಗಳು ಒಪ್ಪಿದ್ದರು. ಅದರ ಹತ್ತಿರಕ್ಕೂ ಇನ್ನೂ ಬಂದಿಲ್ಲ. ಆ ಕೋಣೆಗಳ ಹುಡುಗರಿಗೆ ನೋಂದಣಿ ಪತ್ರ ಇಲ್ಲ, ಆಡಿಟ್ ಇಲ್ಲ. ಅವರನ್ನು ನಿಮ್ಮ ಸಭೆಗೆ ಹೇಗೆ ಕರೆಯುತ್ತೀರಿ ಅಂತ ಈಗಲೇ ಯೋಚಿಸಿ. ಸಭೆಯ ಭಾಷೆ ಇಂಗ್ಲಿಷ್ ಮಾತ್ರ ಆದರೆ ಅವರು ಒಂದು ಸಲ ಬಂದು ಮತ್ತೆ ಬರುವುದಿಲ್ಲ. ದುಭಾಷಿಗೆ ದುಡ್ಡು ಎತ್ತಿಡಿ, ನಡಾವಳಿ ಎರಡೂ ಭಾಷೆಯಲ್ಲಿ ಹೊರಡಲಿ.

ಈ ದೊಡ್ಡ ವಿಷಯಗಳ ಮಧ್ಯೆ ನಿಮ್ಮ ದಿನದ ಹೆಚ್ಚಿನ ಪಾಲು ತಿನ್ನುವುದು ವೀಸಾ, ನೋಂದಣಿ, ತೆರಿಗೆ. ಸುಡಾನ್ ಸರ್ಕಾರದಲ್ಲಿ ಮಾನವೀಯ ನೆರವು ಆಯೋಗ ಅಂತ ಇದೆ, ಎಲ್ಲರೂ ಹ್ಯಾಕ್ ಅಂತಾರೆ. ಅದರ ಕಾಗದ ಇಲ್ಲದೆ ಸಿಬ್ಬಂದಿ ಕದಲುವಂತಿಲ್ಲ. ಆರ್‌ಎಸ್‌ಎಫ್ ಹಿಡಿತದ ಪ್ರದೇಶಕ್ಕೆ ಹೋದರೆ ಅವರದೇ ಬೇರೆ ಕಚೇರಿ. ಒಬ್ಬರ ಕಾಗದ ತೋರಿಸಿದರೆ ಇನ್ನೊಬ್ಬರಿಗೆ ಸಿಟ್ಟು. ಚಾಡ್ ಗಡಿಯ ಅದ್ರೆ ದಾರಿಯನ್ನು 2024ರ ಫೆಬ್ರವರಿಯಲ್ಲಿ ಮುಚ್ಚಿದರು. ತೆರೆದದ್ದು ಆಗಸ್ಟಿನಲ್ಲಿ. ಅದೇ ಆಗಸ್ಟಿನಲ್ಲಿ ಡಾರ್ಫರಿನಲ್ಲಿ ಮನೆ ಬಿಟ್ಟು ಬಂದವರ ಜಮ್‌ಜಮ್ ಶಿಬಿರದಲ್ಲಿ ಕ್ಷಾಮ ಇದೆ ಅಂತ ಖಚಿತವಾಯಿತು. ಇದರ ಜೊತೆ ಬ್ಯಾಂಕ್ ತೊಂದರೆ, ಡಾಲರಿಗೆ ಎರಡೆರಡು ರೇಟು, ಒಂದು ಸಂಸ್ಥೆಯ ಡ್ರೈವರನ್ನು ಇನ್ನೊಂದು ಸಂಸ್ಥೆ ಜಾಸ್ತಿ ಸಂಬಳಕ್ಕೆ ಎಳೆದುಕೊಂಡ ಜಗಳ. ನಗಬೇಡಿ, ಡ್ರೈವರ್ ಜಗಳದಲ್ಲಿ ಒಡೆದ ಫೋರಂ ಇದೆ.

ಅರ್ಜಿ ಹಾಕುವ ಮುಂಚೆ ವಿಚಾರಿಸಬೇಕಾದ್ದು ಕೆಲವಿವೆ. ಫೋರಂಗೆ ಸ್ವಂತ ನೋಂದಣಿ ಇದೆಯೋ, ಯಾವುದಾದರೂ ಸದಸ್ಯ ಸಂಸ್ಥೆಯ ಆಸರೆಯಲ್ಲಿ ನಡೆಯುತ್ತಿದೆಯೋ? ಆಸರೆ ಅಂದರೆ ನಿಮ್ಮ ಕರಾರು, ವಿಮೆ, ಗಂಡಾಂತರದಲ್ಲಿ ಊರು ಬಿಡಿಸುವ ಜವಾಬ್ದಾರಿ ಎಲ್ಲ ಆ ಸಂಸ್ಥೆಯದ್ದು. ಆ ಸಂಸ್ಥೆಯನ್ನೇ ದೇಶದಿಂದ ಹೊರಗೆ ಹಾಕಿದರೆ ನಿಮ್ಮ ಗತಿ ಏನು ಅಂತ ನೇರವಾಗಿ ಕೇಳಿ. ಸದಸ್ಯತ್ವ ಶುಲ್ಕ ಎಷ್ಟು, ದಾನಿಗಳ ಹಣ ಎಷ್ಟು, ಯಾವ ತಿಂಗಳವರೆಗೆ ಇದೆ ಅಂತಲೂ ಕೇಳಿ. 2025ರ ಜನವರಿ 20ರಂದು ಅಮೆರಿಕ ವಿದೇಶಿ ನೆರವನ್ನು ತಡೆಹಿಡಿದ ಮೇಲೆ, ಸಂಸ್ಥೆಗಳು ಮೊದಲು ಕತ್ತರಿ ಹಾಕುವ ಖರ್ಚುಗಳಲ್ಲಿ ಸಮನ್ವಯವೂ ಒಂದು. ಹಿಂದಿನ ನಿರ್ದೇಶಕರು ಯಾಕೆ ಬಿಟ್ಟರು ಅನ್ನುವುದನ್ನು ಅವರಿಂದಲೇ ಕೇಳಿ ತಿಳಿಯಿರಿ, ಸಮಿತಿಯಿಂದಲ್ಲ. ರಜೆ ಸಾಮಾನ್ಯವಾಗಿ ಆರೆಂಟು ವಾರಕ್ಕೊಮ್ಮೆ ಒಂದು ವಾರ. ಕುಟುಂಬ ಕರೆದುಕೊಂಡು ಹೋಗುವಂತಿಲ್ಲ.

ನೀವು ಹೋಗುವ ದೇಶ ಸುಡಾನ್ ಆದರೆ, ಅದು ಏನು ಅಂತ ಅಪ್ಪನಿಗೆ ಅರ್ಥ ಮಾಡಿಸುವುದು ಕಷ್ಟವಾಗಲಿಕ್ಕಿಲ್ಲ. 2023ರಲ್ಲಿ ಅಲ್ಲಿ ಸಿಕ್ಕಿಬಿದ್ದ ಹಕ್ಕಿಪಿಕ್ಕಿ ಜನರಲ್ಲಿ ನಮ್ಮ ಚನ್ನಗಿರಿ ತಾಲ್ಲೂಕಿನವರೂ ಇದ್ದರು. ಗಿಡಮೂಲಿಕೆ ಎಣ್ಣೆ ಮಾರಲು ಹೋಗಿದ್ದವರು, ಭಾರತ ಸರ್ಕಾರ ನಡೆಸಿದ ಆಪರೇಷನ್ ಕಾವೇರಿಯಲ್ಲಿ ವಾಪಸ್ ಬಂದರು. ಆ ಸುದ್ದಿ ಅವರಿಗೆ ನೆನಪಿರಬಹುದು.

ಇನ್ನು 'ನನ್ನಂಥವಳಿಗೆ ಆಗುತ್ತಾ' ಅನ್ನುವ ಮಾತು. ಆಗುತ್ತದೆ. ಅರ್ಜಿಯಲ್ಲಿ ನೀವು ಎಷ್ಟು ಕೋಟಿ ಯೋಜನೆ ನಡೆಸಿದಿರಿ ಅನ್ನುವುದನ್ನು ಒಂದು ಸಾಲಿನಲ್ಲಿ ಮುಗಿಸಿ. ಕೈಯಲ್ಲಿ ಅಧಿಕಾರ ಇಲ್ಲದಿದ್ದರೂ ಬೇರೆಯವರನ್ನು ಒಪ್ಪಿಸಿದ ಒಂದು ಸಂದರ್ಭವನ್ನು ಒಂದು ಪುಟ ಬರೆಯಿರಿ. ಜಗಳೂರಿನಲ್ಲಿ ಎರಡು ಊರು ಒಂದೇ ಬೋರ್‌ವೆಲ್ಲಿಗೆ ಜಗಳ ಆಡಿದ್ದನ್ನು ಬಿಡಿಸಿದ್ದಿದ್ದರೆ ಅದನ್ನೇ ಬರೆಯಿರಿ, ಊರಿನ ವಿಷಯ ಅಂತ ಸಂಕೋಚ ಬೇಡ. ಒಬ್ಬರು ನಿಮ್ಮನ್ನು ಒಪ್ಪದವರ ಹೆಸರನ್ನೂ ರೆಫರೆನ್ಸಿಗೆ ಕೊಡಿ. ನಾನು ಆಯ್ಕೆ ಸಮಿತಿಯಲ್ಲಿ ಕೂತಾಗಲೆಲ್ಲ ಮೊದಲು ಫೋನ್ ಮಾಡುತ್ತಿದ್ದದ್ದು ಅಂಥವರಿಗೆ. ಅರೇಬಿಕ್ ಬರದಿದ್ದರೆ ಇವತ್ತೇ ಮೇಷ್ಟ್ರನ್ನು ಹುಡುಕಿ. ಪೇಪರ್ ಓದುವಷ್ಟು ಬೇಡ, ಚೆಕ್‌ಪೋಸ್ಟಿನಲ್ಲಿ ಡ್ರೈವರ್ ಏನು ಹೇಳುತ್ತಿದ್ದಾನೆ ಅಂತ ತಿಳಿಯುವಷ್ಟು ಬಂದರೆ ಸಾಕು.